ಕನ್ನಡದ ತಾಯಿಗೆ ಹಿಂದಿ ಇಂಟರ್‌ಪ್ರಿಟರ್: ಯುಕೆಯಲ್ಲಿ ಮಕ್ಕಳ ರಕ್ಷಣೆ ವಿಷಯಕ್ಕೆ ನಮ್ಮವರು ಏನು ಮಾಡಬಹುದು?

ಮಲೆನಾಡ್_ಮಿಡ್‌ಲ್ಯಾಂಡ್ಸ್

ಎಲ್ಲರಿಗೂ ನಮಸ್ಕಾರ. ಇದು ಯುಕೆಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದವರಿಗೆ. ಸ್ವಲ್ಪ ಉದ್ದ ಇದೆ, ಬೈಬೇಡಿ.

ನಮ್ಮ ಕಡೆ ಒಂದು ಕುಟುಂಬ. ಯಾರು, ಯಾವ ಊರು ಅಂತ ಕೇಳಬೇಡಿ, ಒಂದೆರಡು ವಿವರ ಬೇಕಂತಲೇ ಬದಲಿಸಿದ್ದೇನೆ. ಗಂಡ ಐಟಿ, ಹೆಂಡತಿ ಡಿಪೆಂಡೆಂಟ್ ವೀಸಾದಲ್ಲಿ ಬಂದವರು, ಉತ್ತರ ಕರ್ನಾಟಕದವರು. ಮಗು ಪ್ರೈಮರಿ ಶಾಲೆಗೆ ಹೋಗುತ್ತದೆ. ಮಗು ಶಾಲೆಯಲ್ಲಿ ಏನೋ ಹೇಳಿದೆ, ಟೀಚರ್ ಬರೆದುಕೊಂಡಿದ್ದಾರೆ, ಅದು ಕೌನ್ಸಿಲ್‌ಗೆ, ಅಂದ್ರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಹೋಗಿದೆ. ಸೋಶಿಯಲ್ ವರ್ಕರ್ ಮನೆಗೆ ಬಂದು ಫೋನಿನಲ್ಲಿ ಇಂಟರ್‌ಪ್ರಿಟರ್ ಹಾಕಿದರು. ಹಿಂದಿ! ಇಂಡಿಯಾದವರು ಅಲ್ವಾ, ಹಿಂದಿ ಬಂದೇ ಬರುತ್ತದೆ ಅಂದುಕೊಂಡಿದ್ದಾರೆ. ಆ ತಾಯಿಗೆ ಬರುವುದು ಸೀರಿಯಲ್ ನೋಡಿ ಕಲಿತ ಹಿಂದಿ. ಕೇಳಿದ್ದಕ್ಕೆಲ್ಲ "ಹಾ ಜೀ" ಅಂದಿದ್ದಾರೆ. ಮನೆಯಲ್ಲಿ ಎಲ್ಲ ಸರಿ ಇದೆಯಾ ಅಂದ್ರೆ ಹಾ ಜೀ, ನಿಮಗೆ ಭಯ ಆಗುತ್ತಾ ಅಂದ್ರೂ ಹಾ ಜೀ. ಮಿಕ್ಕಿದ್ದನ್ನೆಲ್ಲ ಗಂಡ ಪಕ್ಕದಲ್ಲೇ ಕೂತು ಇಂಗ್ಲಿಷಿನಲ್ಲಿ ವಿವರಿಸಿದರಂತೆ. ವಿಚಾರಣೆ ಯಾರ ಬಗ್ಗೆಯೋ ಅವರೇ ಅನುವಾದಕರು, ನೋಡಿ ಹೇಗಿದೆ.

ಇಲ್ಲಿನ ಸಹಾಯವಾಣಿ, ಕರಪತ್ರ ಯಾವುದನ್ನೇ ತೆಗೆದರೂ ದಕ್ಷಿಣ ಏಷ್ಯಾ ಅಂದ್ರೆ ಪಂಜಾಬಿ, ಉರ್ದು, ಬಂಗಾಳಿ, ಗುಜರಾತಿ, ಹಿಂದಿ. ಪುಣ್ಯ ಇದ್ದರೆ ತಮಿಳು. ಕಾರಣ ಗೊತ್ತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪಂಜಾಬಿಯನ್ನು ಮುಖ್ಯ ಭಾಷೆ ಅಂದವರೇ ಸುಮಾರು 2.9 ಲಕ್ಷ, ಉರ್ದು ಅಂದವರು 2.7 ಲಕ್ಷ. ನಮ್ಮ ಸಂಖ್ಯೆ ಅದರ ಮುಂದೆ ಏನೂ ಅಲ್ಲ. ಅದಕ್ಕೇ ನನಗೆ ಬಂದ ಯೋಚನೆ: ನಮ್ಮ ಬಳಗದಲ್ಲೇ ಎರಡೂ ಭಾಷೆ ಚೆನ್ನಾಗಿ ಬರುವ ಒಂದಷ್ಟು ಜನರ ಪಟ್ಟಿ ಮಾಡಿ ಕೌನ್ಸಿಲ್‌ಗೆ ಕೊಟ್ಟರೆ ಹೇಗೆ? ಯಾರಿಗಾದರೂ ತೊಂದರೆ ಬಂದರೆ ನಮ್ಮವರೇ ಹೋಗಿ ಕೂತು ಮಾತಾಡಿಸಬಹುದು.

ಮೂರನೇಕಿವಿ

ದಯವಿಟ್ಟು ಆ ಪಟ್ಟಿ ಮಾಡಬೇಡಿ.

ನಾನು ಕನ್ನಡ, ತೆಲುಗು ಇಂಟರ್‌ಪ್ರಿಟರ್ ಆಗಿ ಕೆಲಸ ಮಾಡುತ್ತೇನೆ, ಹೆಚ್ಚಾಗಿ ಫೋನಿನಲ್ಲಿ, ಕೆಲವೊಮ್ಮೆ ಕೋರ್ಟಿನಲ್ಲಿ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಯುಗಾದಿ ಕಾರ್ಯಕ್ರಮದಲ್ಲಿ ಹೋಳಿಗೆ ಬಡಿಸಿದ ಆಂಟಿ, ಮುಂದಿನ ವಾರ ನನ್ನ ಮನೆಗೆ ಬಂದು ಸೋಶಿಯಲ್ ವರ್ಕರ್ ಪಕ್ಕದಲ್ಲಿ ಕೂತರೆ ನಾನು ಬಾಯಿ ಬಿಡುತ್ತೇನಾ? ನೀವಾದರೂ ಬಿಡುತ್ತೀರಾ? ಸಣ್ಣ ಸಮುದಾಯದಲ್ಲಿ ಭಾಷೆ ಬರುವವರೆಲ್ಲ ಪರಿಚಯದವರು. ಪರಿಚಯದವರ ಎದುರು ಗಂಡನ ವಿಷಯ, ಭಾವನ ವಿಷಯ, ಮಗುವಿನ ಮೈಮೇಲಿನ ಗಾಯದ ವಿಷಯ ಯಾರೂ ಹೇಳುವುದಿಲ್ಲ. ಅಂಥ ಹೊತ್ತಿನಲ್ಲಿ ಬೇಕಾಗಿರುವುದು ನಮ್ಮ ಭಾಷೆ ಗೊತ್ತಿರುವ ಪರಕೀಯರು.

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಲೈನ್ ಸಿಕ್ಕಿದ ಕೂಡಲೇ ನಾನು ಕನ್ನಡದಲ್ಲಿ ಎರಡು ಮಾತಾಡಿ, ಅವರಿಗೆ ನನ್ನ ಮಾತು ಅರ್ಥವಾಗುತ್ತಿದೆಯಾ ಅಂತ ನೋಡುತ್ತೇನೆ. ಬೀದರ್ ಕಡೆಯ ಮಾತಿಗೂ ಕುಂದಾಪುರದ ಮಾತಿಗೂ ಇರುವ ದೂರ ನಿಮಗೇ ಗೊತ್ತು. ದನಿ ಕೇಳಿ ಪರಿಚಯದವರು ಅನಿಸಿದರೆ ಅಲ್ಲೇ ಹೇಳಿ ಹಿಂದೆ ಸರಿಯುತ್ತೇನೆ. ಅವರು "ನಾನು" ಅಂದರೆ ನಾನೂ ಇಂಗ್ಲಿಷಿನಲ್ಲಿ "ನಾನು" ಅಂತಲೇ ಹೇಳಬೇಕು, "ಅವರು ಹೀಗೆ ಹೇಳ್ತಿದ್ದಾರೆ" ಅಂತ ಸಾರಾಂಶ ಮಾಡುವ ಹಾಗಿಲ್ಲ. ಬೈದರೆ ಬೈಗುಳವನ್ನೂ ಹೇಳಬೇಕು. ಅತ್ತು ಸುಮ್ನಾದರೆ ನಾನೂ ಸುಮ್ನಿರಬೇಕು. "ಅಯ್ಯೋ ಅಳಬೇಡಮ್ಮ, ಎಲ್ಲ ಸರಿಹೋಗುತ್ತೆ" ಅನ್ನುವ ಹಾಗಿಲ್ಲ, ಅದು ತುಂಬಾ ಕಷ್ಟ. ನಮ್ಮ ಬಳಗದ ಹಿರಿಯರನ್ನು ಆ ಕುರ್ಚಿಯಲ್ಲಿ ಕೂರಿಸಿ, ಅವರು ಐದು ನಿಮಿಷದಲ್ಲಿ ಸಂಸಾರ ಸರಿಮಾಡೋಕೆ ಶುರು ಮಾಡುತ್ತಾರೆ.

ಆ ತಾಯಿಗೆ ಹೇಳಿ: ಕನ್ನಡ ಇಂಟರ್‌ಪ್ರಿಟರ್ ಬೇಕು, ಹೆಂಗಸು ಬೇಕು, ನಮ್ಮ ಊರಿನವರು ಬೇಡ. ಈ ಮೂರನ್ನೂ ಕೇಳಬಹುದು. ದುಡ್ಡು ಅವರು ಕೊಡಬೇಕಾಗಿಲ್ಲ. ಮೊದಲ ಭೇಟಿಯ ಟಿಪ್ಪಣಿಯಲ್ಲಿ "ಹಿಂದಿಯಲ್ಲಿ ಮಾತಾಡಿಸಿದ್ದು, ನನಗೆ ಸರಿಯಾಗಿ ಅರ್ಥ ಆಗಲಿಲ್ಲ" ಅಂತ ಸೇರಿಸಲು ಹೇಳಲಿ. ಇದು ಮುಖ್ಯ, ಮುಂದೆ ಆ "ಹಾ ಜೀ"ಗಳೇ ಕಾಗದದ ಮೇಲೆ ಉಳಿಯುತ್ತವೆ.

ಬೆಳ್ಗಾವಿ_ಕುಂದಾ

ಇಂಟರ್‌ಪ್ರಿಟರ್ ಆಮೇಲೆ. ಮೊದಲು ಒಂದು ಮಾತು ಹೇಳಿ, ಈ ಸೋಶಿಯಲ್ ಸರ್ವೀಸಸ್‌ನವರನ್ನು ಮನೆಯೊಳಗೆ ಬಿಟ್ಟರೆ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ ಅಲ್ವಾ? 2011ರಲ್ಲಿ ನಾರ್ವೆಯಲ್ಲಿ ಏನಾಯಿತು? ಇಂಡಿಯನ್ ದಂಪತಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋದರು, ದೆಹಲಿಯವರು ಮಧ್ಯೆ ಬಂದಮೇಲೆ 2012ರಲ್ಲಿ ಮಕ್ಕಳು ಇಂಡಿಯಾಕ್ಕೆ ಬಂದರು. ಇಂಥ ವಿಷಯವನ್ನು ನಾವು ನಾವೇ ಕೂತು ಬಗೆಹರಿಸಿಕೊಳ್ಳುವುದು ವಾಸಿ.

ಸ್ಟಾಫ್‌ರೂಮ್_ಚಹಾ

ಬೆಳ್ಗಾವಿಯವರೇ, ನಾರ್ವೆ ಬೇರೆ ದೇಶ, ಅಲ್ಲಿನ ಕಾನೂನು ಬೇರೆ. ನಾನು ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಸೇಫ್‌ಗಾರ್ಡಿಂಗ್ (ಮಕ್ಕಳ ಸುರಕ್ಷತೆ ನೋಡುವ) ತಂಡದಲ್ಲಿದ್ದೇನೆ. ಇಲ್ಲಿನದು ಹೇಳುತ್ತೇನೆ.

ಮಗು ಏನಾದರೂ ಹೇಳಿದರೆ ನಾವು ಬರೆದುಕೊಳ್ಳುತ್ತೇವೆ, ಅದೂ ಮಗುವಿನ ಮಾತಿನಲ್ಲೇ. ಗುಟ್ಟಾಗಿ ಇಡುತ್ತೇವೆ ಅಂತ ಮಗುವಿಗೆ ಮಾತು ಕೊಡುವುದಿಲ್ಲ. ಗಂಭೀರ ಅನಿಸಿದರೆ ಕೌನ್ಸಿಲ್‌ನ ಮಕ್ಕಳ ವಿಭಾಗಕ್ಕೆ ತಿಳಿಸುತ್ತೇವೆ. ಅವರು ಒಂದು ಕೆಲಸದ ದಿನದಲ್ಲಿ ಮುಂದೇನು ಅಂತ ತೀರ್ಮಾನಿಸಬೇಕು. ಬಹಳ ಸಲ ಅದು 1989ರ ಚಿಲ್ಡ್ರನ್ ಆ್ಯಕ್ಟ್‌ನ ಸೆಕ್ಷನ್ 17ರಲ್ಲೇ ನಿಲ್ಲುತ್ತದೆ, ಅಂದ್ರೆ ಈ ಕುಟುಂಬಕ್ಕೆ ಸಹಾಯ ಬೇಕು ಅಂತ. ಮಗುವಿಗೆ ದೊಡ್ಡ ಹಾನಿ ಆಗುತ್ತಿದೆ ಅನ್ನುವ ಅನುಮಾನಕ್ಕೆ ಆಧಾರ ಇದ್ದರೆ ಸೆಕ್ಷನ್ 47, ಆಗ ವಿಚಾರಣೆ ಮಾಡಲೇಬೇಕು. ಅದು ಮಗುವಿನ ರಕ್ಷಣೆಯ ಬಗ್ಗೆ ನಡೆಸುವ ಕಾನ್ಫರೆನ್ಸ್ ಮಟ್ಟಕ್ಕೆ ಹೋದರೆ, ವಿಚಾರಣೆ ತೀರ್ಮಾನಿಸಿದ ಮೀಟಿಂಗ್ ಆಗಿ 15 ಕೆಲಸದ ದಿನಗಳ ಒಳಗೆ ಎಲ್ಲರನ್ನೂ ಕೂರಿಸುತ್ತಾರೆ. ಅಪ್ಪ ಅಮ್ಮನನ್ನೂ ಸಾಮಾನ್ಯವಾಗಿ ಕರೆಯುತ್ತಾರೆ.

ಸೋಶಿಯಲ್ ವರ್ಕರ್ ತನ್ನಷ್ಟಕ್ಕೆ ಮಗುವನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಒಂದೋ ಕೋರ್ಟಿನ ಆದೇಶ ಬೇಕು, ಇಲ್ಲ ತುರ್ತಿದ್ದರೆ ಪೊಲೀಸರು ಹೆಚ್ಚೆಂದರೆ 72 ಗಂಟೆ ಇಟ್ಟುಕೊಳ್ಳಬಹುದು, ಇಲ್ಲ ಅಪ್ಪ ಅಮ್ಮನೇ ಒಪ್ಪಬೇಕು. ಕೇಸ್ ಕೋರ್ಟಿಗೆ ಹೋಗಿ ಮಗುವನ್ನು ಕೇರ್‌ಗೆ (ಕೌನ್ಸಿಲ್‌ನ ಪಾಲನೆಗೆ) ತೆಗೆದುಕೊಳ್ಳುವ ಮಾತು ಬಂದರೆ ಅಪ್ಪ ಅಮ್ಮನಿಗೆ ಆದಾಯ ನೋಡದೆ ಲೀಗಲ್ ಏಡ್, ಅಂದ್ರೆ ಸರ್ಕಾರದ ಖರ್ಚಿನಲ್ಲಿ ವಕೀಲರ ನೆರವು ಸಿಗುತ್ತದೆ. ತಪ್ಪುಗಳು ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬಾಗಿಲು ತೆಗೆಯದೆ, ಮೀಟಿಂಗಿಗೆ ಹೋಗದೆ ಕೂತರೆ ನಿಮ್ಮ ಕಡೆಯ ಮಾತು ಇಲ್ಲದೆ ಎಲ್ಲವೂ ಮುಂದೆ ಹೋಗುತ್ತದೆ, ಅಷ್ಟೇ.

"ನಾವು ನಾವೇ ಬಗೆಹರಿಸಿಕೊಳ್ಳೋಣ" ಅನ್ನುವುದು ಮಾತ್ರ ಬೇಡವೇ ಬೇಡ. ಬಗೆಹರಿಸುವುದು ಅಂದರೆ ನಮ್ಮಲ್ಲಿ ದೊಡ್ಡವರಿಗೆ ಮುಜುಗರ ಆಗದ ಹಾಗೆ ನೋಡಿಕೊಳ್ಳುವುದು. ಮಗು ಅದೇ ಮನೆಯಲ್ಲಿ, ಅದೇ ವ್ಯಕ್ತಿಯ ಜೊತೆ ಉಳಿಯುತ್ತದೆ.

ಮೂರನೇಕಿವಿ

"ಅಪ್ಪ ಅಮ್ಮನೇ ಒಪ್ಪಬೇಕು" ಅಂದಿರಲ್ಲ, ಅಲ್ಲೇ ಭಾಷೆಯ ವಿಷಯ ಬರುವುದು. ಅದು ಅದೇ 1989ರ ಕಾಯ್ದೆಯ ಸೆಕ್ಷನ್ 20. ಮಗು ಸ್ವಲ್ಪ ದಿನ ಬೇರೆ ಕಡೆ ಇರಲಿ ಅಂತ ತಾಯಿ ಸಹಿ ಹಾಕುತ್ತಾಳೆ. ಇಂಗ್ಲಿಷ್ ಸರಿಯಾಗಿ ಬರದವರು ಯಾವ ಹಾಳೆಗೆ ಸಹಿ ಹಾಕಿದರು ಅಂತ ಅವರಿಗೇ ಗೊತ್ತಿರುವುದಿಲ್ಲ. 2015ರಲ್ಲಿ ಇಲ್ಲಿನ ಕೋರ್ಟ್ ಆಫ್ ಅಪೀಲ್ ಇದರ ಬಗ್ಗೆ ಖಡಕ್ಕಾಗಿ ಹೇಳಿತು: ಆ ಹಾಳೆಯನ್ನು ಅವರ ಭಾಷೆಗೆ ಅನುವಾದಿಸಬೇಕು, ಅವರು ಆ ಅನುವಾದದ ಮೇಲೇ ಸಹಿ ಹಾಕಬೇಕು, ಓದಿದ್ದೇನೆ ಒಪ್ಪಿದ್ದೇನೆ ಅಂತ ಅವರ ಭಾಷೆಯಲ್ಲೇ ಬರೆಯಬೇಕು ಅಂತ. 2018ರಲ್ಲಿ ಸುಪ್ರೀಂ ಕೋರ್ಟ್, ಇದು ಒಳ್ಳೆಯ ಪದ್ಧತಿ, ಆದರೆ ಕಾನೂನಿನ ಕಡ್ಡಾಯ ಅಲ್ಲ ಅಂದಿತು. ಹಾಗಾಗಿ ತಾನಾಗಿ ಸಿಗುತ್ತದೆ ಅಂತ ಕಾಯಬೇಡಿ, ಬಾಯಿಬಿಟ್ಟು ಕೇಳಿ. ಅರ್ಥವಾಗದ ಹಾಳೆಗೆ ಸಹಿ ಬೇಡ. ಹಾಕಿದ್ದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು, ಅದಕ್ಕೆ ಮುಂಚೆ ವಕೀಲರ ಹತ್ತಿರ ಮಾತಾಡಿ. ಫ್ಯಾಮಿಲಿ ರೈಟ್ಸ್ ಗ್ರೂಪ್ ಅಂತ ಒಂದು ಚಾರಿಟಿ ಇದೆ, ಇಂಥ ಸ್ಥಿತಿಯಲ್ಲಿರುವ ಅಪ್ಪ ಅಮ್ಮಂದಿರಿಗೇ ಸಲಹೆ ಕೊಡುತ್ತದೆ.

ಲಂಡನ್_ಹುಟ್ಟು

ನಾನು ಇಲ್ಲೇ ಬೆಳೆದವಳು, ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ಗಂಡ ಇಂಟರ್‌ಪ್ರಿಟರ್ ಆಗಿದ್ದು ಕೇಳಿದಿರಿ. ಮಕ್ಕಳೇ ಇಂಟರ್‌ಪ್ರಿಟರ್ ಆಗುವುದರ ಬಗ್ಗೆ ಯಾರೂ ಹೇಳಲಿಲ್ಲ.

ಚಿಕ್ಕವಳಿದ್ದಾಗ ಅಮ್ಮನ ಜೊತೆ ಡಾಕ್ಟರ್ ಹತ್ತಿರ ನಾನೇ ಹೋಗುತ್ತಿದ್ದೆ. ಒಂದು ಸಲ ಡಾಕ್ಟರ್ ಅಮ್ಮನ ಮೊಣಕೈ ಹತ್ತಿರದ ನೀಲಿ ಕಲೆ ನೋಡಿ, ಇದು ಹೇಗಾಯಿತು ಕೇಳು ಅಂದರು. ನಾನು ಕನ್ನಡದಲ್ಲಿ ಕೇಳಿದೆ. ಅಮ್ಮ ನನ್ನ ಮುಖ ನೋಡಿದರು, ಆಮೇಲೆ ಕಬೋರ್ಡ್ ಬಾಗಿಲು ಅಂದರು. ಹೇಗಾಯಿತು ಅಂತ ನನಗೂ ಗೊತ್ತಿತ್ತು, ಆ ಸಂಜೆ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ನಾನು ಇಂಗ್ಲಿಷಿನಲ್ಲಿ ಕಬೋರ್ಡ್ ಅಂದೆ. ಡಾಕ್ಟರ್ ಬರೆದುಕೊಂಡರು. ಅಲ್ಲಿಗೆ ಮುಗಿಯಿತು. ಯಾವ ಕ್ಲಿನಿಕ್ ಅಂತ ಹೇಳಲ್ಲ, ಆಗ ಎಲ್ಲ ಕಡೆಯೂ ಹಾಗೇ ಇತ್ತು ಅನಿಸುತ್ತದೆ.

ಅಮ್ಮ ನನ್ನ ಮೂಲಕ ನಿಜ ಹೇಳುವುದಾದರೂ ಹೇಗೆ? ನಾನಾದರೂ ಅಪ್ಪನ ಬಗ್ಗೆ ಹೇಗೆ ಹೇಳಲಿ?

ಸ್ಟಾಫ್‌ರೂಮ್_ಚಹಾ

ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್ ಮಗಳೇ. ಈಗಿನ ನಿಯಮ ಇದರ ವಿರುದ್ಧವೇ ಇದೆ. ಜಿಪಿ (ಕುಟುಂಬ ವೈದ್ಯರ) ಸೇವೆಗಳಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಎನ್‌ಎಚ್‌ಎಸ್ ಇಂಗ್ಲೆಂಡ್ 2018ರಲ್ಲಿ ಕೊಟ್ಟ ಮಾರ್ಗದರ್ಶಿಯಲ್ಲಿ ಮನೆಯವರನ್ನು, ಅದರಲ್ಲೂ ಮಕ್ಕಳನ್ನು ಇಂಟರ್‌ಪ್ರಿಟರ್ ಆಗಿ ಬಳಸಬಾರದು ಅಂತ ಇದೆ. ಅದಕ್ಕೂ ಮುಂಚೆ, 2000ದಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಅನ್ನುವ 8 ವರ್ಷದ ಹುಡುಗಿ ಸತ್ತಳು. ಐವರಿ ಕೋಸ್ಟ್‌ನಿಂದ ಬಂದವಳು, ಅವಳ ಭಾಷೆ ಫ್ರೆಂಚ್. ಸಾಕುತ್ತೇನೆ ಅಂತ ಕರೆತಂದ ಅಜ್ಜಿ ವರಸೆಯ ಸಂಬಂಧಿ ಮತ್ತು ಅವಳ ಜೊತೆಗಾರನೇ ಕೊಂದಿದ್ದು. ಆಸ್ಪತ್ರೆ, ಕೌನ್ಸಿಲ್, ಪೊಲೀಸ್ ಎಲ್ಲರೂ ಆ ಮಗುವನ್ನು ನೋಡಿದ್ದರು. ಆ ಸಾವಿನ ಬಗ್ಗೆ 2003ರಲ್ಲಿ ಬಂದ ಲಾರ್ಡ್ ಲ್ಯಾಮಿಂಗ್ ವರದಿಯ 18ನೇ ಶಿಫಾರಸು ನೇರವಾಗಿ ಇದೇ: ಮಗುವಿನ ಮೊದಲ ಭಾಷೆ ಇಂಗ್ಲಿಷ್ ಅಲ್ಲದಿದ್ದರೆ ಇಂಟರ್‌ಪ್ರಿಟರ್ ಬಳಸಲೇಬೇಕು, ಬಳಸದಿದ್ದರೆ ಯಾಕೆ ಅಂತ ಫೈಲಿನಲ್ಲಿ ಬರೆಯಬೇಕು. 2004ರ ಚಿಲ್ಡ್ರನ್ ಆ್ಯಕ್ಟ್ ಬಂದಿದ್ದರ ಹಿಂದೆಯೂ ಆ ವರದಿ ಇದೆ.

ಆದರೂ ಅವಸರದಲ್ಲಿ "ಅಕ್ಕನನ್ನೇ ಕರೆಯಿರಿ, ಅವಳಿಗೆ ಇಂಗ್ಲಿಷ್ ಬರುತ್ತೆ" ಅನ್ನುವುದು ನಿಂತಿಲ್ಲ. ನಮ್ಮ ಕಡೆ ಅದನ್ನು ಜಾಣತನ ಅಂತ ಹೊಗಳುತ್ತೇವೆ ಬೇರೆ.

ಟವರ್_ಹ್ಯಾಮ್ಲೆಟ್ಸ್_ಟ್ರಾಮಾ

ಹಿಂದಿ ಗೊಂದಲ ನಮ್ಮದೊಂದೇ ಅಲ್ಲ. ನಾನಿರುವ ಕಡೆ ಬಾಂಗ್ಲಾದೇಶದವರು ಜಾಸ್ತಿ, ಅದರಲ್ಲಿ ಬಹುಪಾಲು ಸಿಲ್ಹೆಟ್ ಪ್ರಾಂತ್ಯದವರು, ಅವರ ಆಡುಮಾತೇ ಬೇರೆ. ಢಾಕಾ ಶೈಲಿಯ ಬಂಗಾಳಿ ಮಾತಾಡುವ ಇಂಟರ್‌ಪ್ರಿಟರ್ ಬಂದರೆ ಅಜ್ಜಿಯರು ಮರ್ಯಾದೆಗೆ ತಲೆ ಆಡಿಸುತ್ತಾರೆ. ಬ್ರಿಟನ್ನಿನ ಪಾಕಿಸ್ತಾನಿಗಳಲ್ಲೂ ಹಾಗೇ. 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟಿಗೆ ಮನೆಮಠ ಕಳೆದುಕೊಂಡ ಮೀರ್‌ಪುರದವರು ಎಷ್ಟೋ ಜನ ಇಲ್ಲಿಗೆ ಬಂದರು. ಅವರ ಮನೆಮಾತು ಉರ್ದು ಅಲ್ಲ, ಆದರೆ ಫಾರ್ಮಿನಲ್ಲಿ ಉರ್ದು ಅಂತಲೇ ಬರೆದಿರುತ್ತದೆ. ಕೇಳಬೇಕಾದ ಪ್ರಶ್ನೆ "ಯಾವ ದೇಶ" ಅಲ್ಲ, "ಮನೆಯಲ್ಲಿ ಸಿಟ್ಟು ಬಂದಾಗ ಯಾವ ಮಾತು ಆಡುತ್ತೀರಿ" ಅಂತ.

ಹಳೇ_ಮೈಸೂರು_ಮೇಷ್ಟ್ರು

ಎಲ್ಲರೂ ಇಂಟರ್‌ಪ್ರಿಟರ್ ಅಂತೀರಿ. ನನ್ನ ಪ್ರಶ್ನೆ ಬೇರೆ. ಒಂದು ಏಟು ಕೊಟ್ಟಿದ್ದಕ್ಕೆಲ್ಲ ಸರ್ಕಾರ ಮನೆಯೊಳಗೆ ಬರಬೇಕಾ? ನಾವೆಲ್ಲ ಏಟು ತಿಂದೇ ಬೆಳೆದವರಲ್ಲವೇ. ಹಾಳಾಗಿದ್ದೀವಾ?

ಸ್ಟಾಫ್‌ರೂಮ್_ಚಹಾ

ಮೇಷ್ಟ್ರೇ, ಸ್ಕಾಟ್ಲೆಂಡಿನಲ್ಲಿ 2020ರ ನವೆಂಬರ್‌ನಿಂದ, ವೇಲ್ಸ್‌ನಲ್ಲಿ 2022ರ ಮಾರ್ಚ್‌ನಿಂದ ಮಗುವಿಗೆ ಹೊಡೆಯುವುದೇ ಕಾನೂನುಬಾಹಿರ. ಇಂಗ್ಲೆಂಡಿನಲ್ಲಿ "ಮಿತವಾದ ಶಿಕ್ಷೆ" ಅನ್ನುವ ರಕ್ಷಣೆ ಅಪ್ಪ ಅಮ್ಮನಿಗೆ ಕಾನೂನಿನಲ್ಲಿ ಇದ್ದೇ ಇದೆ, ಆದರೆ ಗಾಯ ಆದರೆ ಅದು ನಿಲ್ಲುವುದಿಲ್ಲ. ಶಾಲೆಯಲ್ಲಿ ಬಾಸುಂಡೆ ಕಂಡರೆ ನಾನು ಬರೆದೇ ಬರೆಯುತ್ತೇನೆ, ಆ ಮಗು ಕನ್ನಡದವರದೋ ಇಂಗ್ಲಿಷರದೋ ಅಂತ ನೋಡುವುದಿಲ್ಲ.

ಹಳೇ_ಮೈಸೂರು_ಮೇಷ್ಟ್ರು

ಸರಿ ತಾಯಿ. ಕಾನೂನು ಗೊತ್ತಿರಲಿಲ್ಲ. ಒಪ್ಪಿದೆ ಅಂತ ಮಾತ್ರ ತಿಳಿಯಬೇಡಿ.

ಅಜ್ಜಿಯ_ಮೊಮ್ಮಗ

ಯಾರಿಗೆ ಕನ್ನಡ ಬೇಕು ಅಂತ ಯೋಚಿಸಿದ್ದೀರಾ? ಇಲ್ಲಿ ಬೆಳೆದ ಮಕ್ಕಳಿಗಲ್ಲ. ಅವರು ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್ 0800 1111ಕ್ಕೆ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ, ಬಿಟ್ಟಿ ಕರೆ, ಫೋನ್ ಬಿಲ್ಲಿನಲ್ಲೂ ಕಾಣುವುದಿಲ್ಲ. ಕನ್ನಡ ಬೇಕಾಗಿರುವುದು ಊರಿನಿಂದ ಹೊಸದಾಗಿ ಬಂದ ತಾಯಿಗೆ, ಮತ್ತೆ ಇನ್ನೊಬ್ಬರು ಇದ್ದಾರೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ವಿಸಿಟ್ ವೀಸಾದಲ್ಲಿ 6 ತಿಂಗಳಿಗೆ ಬಂದ ಅಜ್ಜಿ. ಅಪ್ಪ ಅಮ್ಮ ಕೆಲಸಕ್ಕೆ ಹೋದಮೇಲೆ ಮಗುವಿಗೆ ಸ್ನಾನ ಮಾಡಿಸುವವರು, ಬಟ್ಟೆ ಬದಲಿಸುವವರು, ರಾತ್ರಿ ಪಕ್ಕದಲ್ಲಿ ಮಲಗುವವರು ಅವರೇ. ಮೈಮೇಲೆ ಏನಿದೆ, ಮಗು ಯಾರನ್ನು ಕಂಡರೆ ಹೆದರಿ ಕಂಬಳಿ ಒಳಗೆ ಸೇರುತ್ತದೆ ಅನ್ನುವುದು ಮೊದಲು ಕಾಣುವುದು ಅವರಿಗೆ. ಅವರ ಹತ್ತಿರ ಭಾಷೆಯೂ ಇಲ್ಲ, ನಂಬರೂ ಇಲ್ಲ. ಊರಲ್ಲಾದರೆ ಮಕ್ಕಳ ಸಹಾಯವಾಣಿ 1098 ಅಂತ ಗೋಡೆ ಮೇಲೆ ನೋಡಿರುತ್ತಾರೆ, ಇಲ್ಲಿಂದ ಅದು ಹತ್ತುವುದಿಲ್ಲ.

ಮೂರನೇಕಿವಿ

ಇದು ನಾನು ಈ ಥ್ರೆಡ್‌ನಲ್ಲಿ ಓದಿದ ಒಳ್ಳೆಯ ಮಾತು. ಅಜ್ಜಿಗೆ ಕಲಿಸಬೇಕಾಗಿರುವುದು ಎರಡೇ ಪದ: "ಕನ್ನಡ ಇಂಟರ್‌ಪ್ರಿಟರ್". ತುರ್ತು ಸಹಾಯದ ನಂಬರ್ 999ಕ್ಕೆ ಮಾಡಿದರೂ ಅಷ್ಟೇ ಹೇಳಿ ಲೈನ್ ಕಟ್ ಮಾಡದೆ ಇರಲಿ, ಅವರು ಭಾಷೆ ಗೊತ್ತಿರುವವರನ್ನು ಸೇರಿಸಲು ನೋಡುತ್ತಾರೆ. ಕನ್ನಡದವರು ಕೂಡಲೇ ಸಿಗದಿರಬಹುದು, ಸ್ವಲ್ಪ ಕಾಯಬೇಕು. ಮಾತಾಡುವ ಹಾಗೇ ಇಲ್ಲ ಅಂದ್ರೆ, ಮೊಬೈಲಿನಿಂದ 999 ಮಾಡಿ, ಕೇಳಿದಾಗ 55 ಒತ್ತಿದರೆ ಪೊಲೀಸರಿಗೆ ಹೋಗುತ್ತದೆ. ಜೀವಕ್ಕೆ ಅಪಾಯ ಇಲ್ಲ, ಆದರೆ ಮನಸ್ಸಿಗೆ ಸರಿ ಕಾಣುತ್ತಿಲ್ಲ ಅಂದ್ರೆ ಮಕ್ಕಳ ರಕ್ಷಣೆಯ ಚಾರಿಟಿ ಎನ್‌ಎಸ್‌ಪಿಸಿಸಿ 0808 800 5000. ಅದು ದೊಡ್ಡವರಿಗೆ, ಹೆಸರು ಹೇಳದೆಯೂ ಮಾತಾಡಬಹುದು, ಅಲ್ಲೂ ಇಂಟರ್‌ಪ್ರಿಟರ್ ಕೇಳಿ.

ಕಾವೇರಿ_ಟು_ಥೇಮ್ಸ್

ನನ್ನದು ಒಂದು ಅನುಮಾನ. ಈ ತಾಯಿಯಂಥವರು ಬಾಯಿ ಬಿಡದೆ ಇರುವುದು ಭಾಷೆಗಾ, ವೀಸಾಗಾ? ನನ್ನ ಪ್ರಕಾರ ವೀಸಾ ಭಯವೇ ಜಾಸ್ತಿ. "ನೀನು ದೂರು ಕೊಟ್ಟರೆ ನಿನ್ನನ್ನು ಊರಿಗೆ ಕಳಿಸುತ್ತಾರೆ, ಮಗು ನನ್ನ ಹತ್ತಿರ ಇರುತ್ತೆ" ಅಂತ ಗಂಡ ಹೇಳಿಟ್ಟಿರುತ್ತಾನೆ. ಅದನ್ನು ಕನ್ನಡದಲ್ಲೇ ಹೇಳಿರುತ್ತಾನೆ, ಅದು ಮಾತ್ರ ಚೆನ್ನಾಗಿ ಅರ್ಥವಾಗಿರುತ್ತದೆ.

ಸ್ಟಾಫ್‌ರೂಮ್_ಚಹಾ

ಎರಡೂ. ಆದರೆ ಗಂಡ ಹೇಳಿದ್ದು ಪೂರ್ತಿ ನಿಜ ಅಲ್ಲ. ಸಂಗಾತಿಯ ವೀಸಾ ಮೇಲೆ ಬಂದು ದೌರ್ಜನ್ಯಕ್ಕೆ ಸಿಕ್ಕಿ ದೂರವಾದವರು 3 ತಿಂಗಳ ಪ್ರತ್ಯೇಕ ಅನುಮತಿಗೆ ಅರ್ಜಿ ಹಾಕಬಹುದು, ಆ ಸಮಯದಲ್ಲಿ ಸರ್ಕಾರದ ನೆರವೂ ಕೇಳಬಹುದು. 2024ರಿಂದ ವರ್ಕ್ ವೀಸಾದವರ ಡಿಪೆಂಡೆಂಟ್‌ಗಳೂ ಇದರಲ್ಲಿ ಸೇರಿದ್ದಾರೆ. ಮುಂದಿನ ದಾರಿ ಎಲ್ಲ ವೀಸಾಗೂ ಒಂದೇ ಅಲ್ಲ, ಅದಕ್ಕೇ ಅರ್ಜಿ ಹಾಕುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಲೇಬೇಕು. 1979ರಿಂದ ಕೆಲಸ ಮಾಡುತ್ತಿರುವ ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್ ಇಂಥ ಹೆಂಗಸರಿಗೆ ದಾರಿ ತೋರಿಸುತ್ತದೆ. ಇನ್ನೊಂದು, 2021ರ ಡೊಮೆಸ್ಟಿಕ್ ಅಬ್ಯೂಸ್ ಆ್ಯಕ್ಟ್ ಪ್ರಕಾರ ಮನೆಯಲ್ಲಿ ಹೊಡೆತ ನೋಡುವ, ಕೇಳುವ ಮಗುವೂ ಸಂತ್ರಸ್ತರೇ. "ಮಗುವಿಗೆ ಏನೂ ಮಾಡಿಲ್ಲವಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮಲೆನಾಡ್_ಮಿಡ್‌ಲ್ಯಾಂಡ್ಸ್

ಎಲ್ಲ ಓದಿದೆ. ಪಟ್ಟಿ ಕೈಬಿಟ್ಟೆ. ಲಂಡನ್ ಹುಟ್ಟಿನವರು ಬರೆದಿದ್ದು ಓದಿದಮೇಲೆ ಅದರ ಬಗ್ಗೆ ವಾದ ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ಆ ತಾಯಿಗೆ ಮೂರು ಬೇಡಿಕೆ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಕೊಟ್ಟೆ. ಶಾಲೆಯ ಗೇಟಿನ ಹತ್ತಿರ ಕೊಟ್ಟಿದ್ದು, ವಾಟ್ಸ್ಆ್ಯಪ್ ಮಾಡಲಿಲ್ಲ, ಅವರ ಫೋನ್ ಗಂಡನೂ ನೋಡುತ್ತಾರೆ. ಅವರು ಅದನ್ನು ಸೋಶಿಯಲ್ ವರ್ಕರ್‌ಗೆ ತೋರಿಸಿದ್ದಾರೆ. ಮುಂದಿನ ಭೇಟಿ ಶಾಲೆಯಲ್ಲೇ, ಗಂಡ ಇಲ್ಲದೆ, ಕನ್ನಡದಲ್ಲಿ. ಒಳಗೆ ಏನು ಮಾತಾದರೂ ನನಗೆ ಗೊತ್ತಾಗುವುದಿಲ್ಲ, ಗೊತ್ತಾಗಲೂಬಾರದು. ಆ ಹೊತ್ತಿಗೆ ಅವರ ಚಿಕ್ಕ ಮಗುವನ್ನು ನಾನು ನೋಡಿಕೊಳ್ಳುತ್ತೇನೆ.

ಬಳಗದ ಕಮಿಟಿಯಲ್ಲಿ ಕೇಳಿದೆ. ಒಬ್ಬರು "ಹಬ್ಬದ ದಿನ ಇಂಥ ವಿಷಯ ಯಾಕೆ" ಅಂದರು. ಪರವಾಗಿಲ್ಲ, ಮಿಕ್ಕವರು ಒಪ್ಪಿದ್ದಾರೆ. ಒಂದು ಪುಟದ ಹಾಳೆ ಮಾಡೋಣ: ನಂಬರುಗಳು, ಇಂಟರ್‌ಪ್ರಿಟರ್ ಕೇಳುವ ಬಗೆ, ಸಹಿ ಹಾಕುವ ಮುಂಚೆ ಏನು ನೋಡಬೇಕು. ನಮ್ಮ ಭರತನಾಟ್ಯ, ಕನ್ನಡ ಕಲಿ ತರಗತಿ ನಡೆಸುವವರಿಗೆಲ್ಲ ಡಿಬಿಎಸ್ ಚೆಕ್ (ಅಪರಾಧ ಹಿನ್ನೆಲೆಯ ತಪಾಸಣೆ) ಇದೆಯಾ ಅಂತಲೂ ಕೇಳಿದೆ. ಆಗ ಸ್ವಲ್ಪ ಹೊತ್ತು ಎಲ್ಲರೂ ಸುಮ್ನಾದರು. ಅದನ್ನೂ ಬಿಡುವುದಿಲ್ಲ.

ಹಾಳೆಯ ಕರಡು ಭಾನುವಾರ ಹಾಕುತ್ತೇನೆ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರು ಯಾರಾದರೂ ನೋಡಿಕೊಡುತ್ತೀರಾ?

ಕುಡ್ಲದ_ಪೊಣ್ಣು

ತುಳು ನಾನು ನೋಡುತ್ತೇನೆ, ಬ್ಯಾರಿಗೆ ನನ್ನ ಗೆಳತಿಯನ್ನು ಕೇಳುತ್ತೇನೆ. ಒಂದು ವಿಷಯ ಅಕ್ಕ, ಹಾಳೆಯನ್ನು ಹಾಲ್‌ನ ನೋಟಿಸ್ ಬೋರ್ಡಿಗೆ ಹಾಕಬೇಡಿ. ಎಲ್ಲರ ಎದುರು ನಿಂತು ಯಾರೂ ಓದುವುದಿಲ್ಲ. ಹೆಂಗಸರ ಟಾಯ್ಲೆಟ್ ಬಾಗಿಲಿನ ಒಳಗಡೆ ಅಂಟಿಸಿ, ಅಕ್ಷರ ದೊಡ್ಡದಿರಲಿ. ಕನ್ನಡಕ ಹಾಕದೆ ಬರುವ ಅಜ್ಜಿಯರಿಗೂ ಕಾಣಬೇಕಲ್ಲ.